ಮೊದಲು ನೀರಿಗೆ ದಾರಿ

ಊಟ ಮುಗಿಸಿ ಕಟ್ಟಿಗೆ ಒಲೆಯ ಮುಂದೆ ಕೂತ ನೆಂಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇಷ್ಟು ಹಳೇ ಮನೇನ ಯಾಕೆ ಉಳಿಸಿಕೊಂಡ್ರಿ? ಕೆಡವಿಸಿ ಹೊಸದು ಕಟ್ಟಬಹುದಿತ್ತಲ್ಲ?" ಕೇಳುವುದರಲ್ಲಿ ತಪ್ಪೇನಿಲ್ಲ. ನಮ್ಮ ಬೀದಿಯಲ್ಲೇ ಎಷ್ಟೋ ಹಳೆಯ ಮನೆಗಳು ನೆಲಸಮವಾಗಿ, ಒಂದೊಂದರ ಜಾಗದಲ್ಲಿ ಮೂರು ನಾಲ್ಕು ಮನೆಗಳು ಎದ್ದಿವೆ. ನಮ್ಮದೂ ಆ ಸಾಲಿಗೆ ಸೇರುವುದರಲ್ಲಿತ್ತು. ಸೇರಲಿಲ್ಲ, ಏಕೆಂದರೆ 2016ರಲ್ಲಿ ತೀರ್ಥಹಳ್ಳಿಯಿಂದ ನನ್ನ ತಂದೆ, ಅಪ್ಪಯ್ಯ, ಬಂದಿದ್ದರು. ಹಾಗಾಗಿ ಆ ಪ್ರಶ್ನೆಗೆ ಉತ್ತರ ಹೇಳಬೇಕೆಂದರೆ ಅಪ್ಪಯ್ಯನ ಕಥೆಯನ್ನೇ ಹೇಳಬೇಕಾಗುತ್ತದೆ.

ನಾವಿರುವ ನ್ಯೂ ಲಿನ್ ಆಕ್ಲೆಂಡಿನ ಪಶ್ಚಿಮ ಭಾಗದಲ್ಲಿದೆ, ಫೌ ನದಿಯ ದಡದಲ್ಲಿ. ನದಿ ಅಂದರೆ ನಮ್ಮ ತುಂಗೆಯಂತಹ ಹರಿಯುವ ನದಿಯಲ್ಲ. ಸಮುದ್ರದ ಭರತ ಇಳಿತಕ್ಕೆ ತುಂಬಿ ಬರಿದಾಗುವ ಅಳಿವೆ. ಹಿಂದೆ ಇಲ್ಲಿನ ಮೂಲನಿವಾಸಿ ಮಾವೊರಿ ಜನ ವೈಟೆಮಟಾ ಬಂದರಿನ ಕಡೆಯಿಂದ ಇದರೊಳಗೆ ದೋಣಿ ತಂದು, ಮುಂದೆ ನೆಲದ ಮೇಲೆ ಎಳೆದುಕೊಂಡು ಹೋಗಿ ಆಚೆಯ ಮನುಕೌ ಬಂದರಿಗೆ ಇಳಿಸುತ್ತಿದ್ದರು. ಎರಡು ಸಮುದ್ರಗಳ ನಡುವಿನ ಆ ಕಾಲುದಾರಿಯ ನೆನಪು ಪೋರ್ಟೇಜ್ ರೋಡಿನ ಹೆಸರಿನಲ್ಲಿ ಇವತ್ತಿಗೂ ಇದೆ. ಆಮೇಲೆ ಬಂದು ನೆಲೆಸಿದ ಬಿಳಿಯರಿಗೆ ಇಲ್ಲಿ ಸಿಕ್ಕ ಸಂಪತ್ತು ಜೇಡಿಮಣ್ಣು. 1880ರಲ್ಲಿ ರೈಲು ಬಂತು, ನದಿಯಲ್ಲಿ ಸರಕಿನ ದೋಣಿಗಳಿದ್ದವು, ಇಟ್ಟಿಗೆ ಮತ್ತು ಪೈಪಿನ ಕಾರ್ಖಾನೆಗಳು ಒಂದರ ಹಿಂದೊಂದು ಬೆಳೆದವು. ಅವುಗಳಿಂದಲೇ ಹುಟ್ಟಿದ ಕ್ರೌನ್ ಲಿನ್ ಕಂಪನಿಯ ಪಿಂಗಾಣಿ ಕಪ್ಪು, ಬಸಿ, ತಟ್ಟೆ ಒಂದು ಕಾಲಕ್ಕೆ ಇಡೀ ನ್ಯೂಜಿಲೆಂಡಿನ ಅಡುಗೆಮನೆಗಳಲ್ಲಿದ್ದವು. ಆ ಕಾರ್ಖಾನೆ 1989ರಲ್ಲಿ ಮುಚ್ಚಿತು. ಇಟ್ಟಿಗೆ ಸುಡುತ್ತಿದ್ದ ಹಳೆಯ ಗೂಡೊಂದನ್ನು ಆಂಬ್ರಿಕೋ ಪ್ಲೇಸಿನಲ್ಲಿ ಉಳಿಸಿಕೊಂಡಿದ್ದಾರೆ. ಈಗ ಊರಿನ ನಡುವೆ ಇರುವುದು 1963ರಲ್ಲಿ ಶುರುವಾದ ಲಿನ್‌ಮಾಲ್, 2010ರಲ್ಲಿ ನೆಲ ಅಗೆದು ತಗ್ಗಿನಲ್ಲಿ ಕಟ್ಟಿದ ರೈಲು ನಿಲ್ದಾಣ, ಸುತ್ತ ಏಳುತ್ತಿರುವ ಅಪಾರ್ಟ್‌ಮೆಂಟುಗಳು. ಮಣ್ಣಿನ ಮಾತು ಯಾಕೆ ತೆಗೆದೆ ಅಂದರೆ, ನಮ್ಮ ಮನೆಯ ರೋಗದ ಮೂಲ ಅದರಲ್ಲಿತ್ತು.

ಮನೆ 1920ರ ದಶಕದ ಬಂಗಲೋ. ಮರದ ಚೌಕಟ್ಟು, ಹೊರಗೆ ಒಂದರ ಮೇಲೊಂದು ಹೊದಿಸಿದ ಮರದ ಹಲಗೆ, ಮೇಲೆ ಕೆಂಪು ಮಣ್ಣಿನ ಹಂಚು. ಇಲ್ಲಿನ ಹಳೆಯ ಮನೆಗಳು ನಮ್ಮೂರಿನವುಗಳ ಹಾಗೆ ಕಲ್ಲಿನ ಪಂಚಾಂಗದ ಮೇಲೆ ಕೂತವಲ್ಲ. ನೆಲದಲ್ಲಿ ಹೂತ ಗಿಡ್ಡ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆಯ ನೆಲ. ನೆಲಕ್ಕೂ ಮಣ್ಣಿಗೂ ನಡುವೆ ಮನುಷ್ಯ ತೆವಳಿಕೊಂಡು ಹೋಗುವಷ್ಟು ಜಾಗ ಇರುತ್ತದೆ. ನಾವು ಕೊಂಡಾಗ ಮನೆ ಅರ್ಧ ರಿಪೇರಿಯಲ್ಲಿತ್ತು. ಹಿಂದಿನವರು ಒಂದು ಕೋಣೆಯ ಗೋಡೆಗೆ ಜಿಪ್ಸಮ್ಮಿನ ಹೊಸ ಜಿಬ್ ಬೋರ್ಡ್ ಹೊಡೆಸಿ ಬಣ್ಣ ಬಳಿಯದೆ ಬಿಟ್ಟಿದ್ದರು; ಹಜಾರದ ವಾಲ್‌ಪೇಪರ್ ಅರ್ಧ ಕಿತ್ತಿತ್ತು. ನಿಧಾನವಾಗಿ ಮುಗಿಸಿಕೊಂಡರಾಯಿತು ಎಂದು ಬಂದು ಸೇರಿದೆವು. ಸಾಲದ ಕಂತು, ಕೆಲಸ, ಮಕ್ಕಳ ಶಾಲೆ ಎಂದು ವರ್ಷಗಳು ಕಳೆದವು. ಅಡುಗೆಮನೆಯಲ್ಲಿ ಬಿಟ್ಟ ಚೆಂಡು ತಾನಾಗಿ ಉರುಳಿ ಮಲಗುವ ಕೋಣೆಯ ಮೂಲೆಗೆ ಹೋಗಿ ನಿಲ್ಲುತ್ತಿತ್ತು. ಆ ಕೋಣೆಯ ಬಾಗಿಲು ಹಾಕಲು ಭುಜ ಕೊಡಬೇಕಿತ್ತು. ಬಟ್ಟೆ ಬೀರುವಿನ ಹಿಂದೆ ಬೂಸ್ಟು, ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜಿನ ಒಳಮೈ ತುಂಬ ನೀರು. ಈ ದೇಶದಲ್ಲಿ ಮನೆಗಳಿಗೆ ಇನ್ಸುಲೇಷನ್ ಕಡ್ಡಾಯವಾದದ್ದೇ 1978ರಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಮನೆಗಳ ಗೋಡೆಯೊಳಗೆ ಇರುವುದು ಬರೀ ಗಾಳಿ. ಒಳಗಿನ ಬಿಸಿ ಕನಿಷ್ಠ 18 ಡಿಗ್ರಿ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಲ್ಲಿ ಚಳಿಗಾಲವಾದ ಜುಲೈ ತಿಂಗಳ ಬೆಳಗಿನಲ್ಲಿ ನಮ್ಮ ಮಕ್ಕಳ ಕೋಣೆ ಅದರ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಚಿಕ್ಕವನಿಗೆ ಚಳಿಗಾಲವಿಡೀ ಕೆಮ್ಮು.

2016ರಲ್ಲಿ ಯೂನಿಟರಿ ಪ್ಲಾನ್ ಎಂಬ ಆಕ್ಲೆಂಡಿನ ಹೊಸ ನಗರ ಯೋಜನೆ ಬಂತು. ಒಂದು ಮನೆಯಿದ್ದ ಜಾಗದಲ್ಲಿ ಹೆಚ್ಚು ಮನೆ ಕಟ್ಟಲು ಅವಕಾಶವಾಯಿತು. ಅದು ಬರುವ ಮೊದಲೇ ಮನೆ ಮಾರುತ್ತೀರಾ ಎಂಬ ಚೀಟಿಗಳು ಅಂಚೆ ಡಬ್ಬಿಗೆ ಬೀಳತೊಡಗಿದ್ದವು. ನಮ್ಮ ಮನೆಯವರು ಲೆಕ್ಕ ಹಾಕಿದರು. ಹಳೆಯದಕ್ಕೆ ದುಡ್ಡು ಸುರಿಯುವುದಕ್ಕಿಂತ ಮಾರಿ ಹೋಗುವುದು ಅಥವಾ ಕೆಡವಿ ಕಟ್ಟುವುದು ಲಾಭ ಎಂದು ಕಾಣುತ್ತಿತ್ತು. ನನಗೂ ಸಾಕಾಗಿತ್ತು. ಮಗು ಕೆಮ್ಮುವ ಮನೆಯ ಮೇಲೆ ಯಾವ ತಾಯಿಗೆ ಮೋಹ ಉಳಿಯುತ್ತದೆ?

ಆ ಜೂನ್ ಕೊನೆಯಲ್ಲಿ ಅಪ್ಪಯ್ಯ ಬಂದರು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಕೆಲಸವನ್ನು ಅಣ್ಣನಿಗೆ ಒಪ್ಪಿಸಿ, ಮೇ ತಿಂಗಳಲ್ಲೇ ಮನೆಯ ಹಂಚು ಕೈಯಾಡಿಸಿ ಮುಗಿಸಿ ಹೊರಟವರು. ನಮ್ಮೂರಿನ ಮನೆ ಅಪ್ಪಯ್ಯನ ಅಜ್ಜ ಕಟ್ಟಿಸಿದ್ದು. ಪ್ರತಿ ವರ್ಷ ಮಳೆಗೆ ಮೊದಲು ಮಾಡು ಹತ್ತಿ, ಹಂಚು ತೆಗೆದು, ಒಡೆದದ್ದು ಬದಲಾಯಿಸಿ, ಒರಲೆ ಹಿಡಿದ ರೀಪು ಕಿತ್ತು ಹೊಸದು ಹೊಡೆಯುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅವರು ಎಂಜಿನಿಯರ್ ಅಲ್ಲ, ಅಡಿಕೆ ಕೃಷಿಕರು. ಆದರೆ ಮಳೆಗಾಲಕ್ಕೆ ಎದುರಾಗಿ ಒಂದು ಮನೆಯನ್ನು ನಿಲ್ಲಿಸಿಕೊಂಡು ಬಂದವರು.

ಬಂದ ಎರಡನೆಯ ದಿನ ಜಿಟಿಜಿಟಿ ಮಳೆ. ಕೊಡೆ ಹಿಡಿದು ಹೊರಗೆ ಹೋದವರು ಮನೆಯ ಸುತ್ತ ನಿಧಾನವಾಗಿ ನಡೆದರು. ಒಂದು ಮೂಲೆಯಲ್ಲಿ ತುಂಬ ಹೊತ್ತು ನಿಂತರು. ಮಾಡಿನ ನೀರು ಇಳಿಯುವ ಪೈಪು ಅಲ್ಲಿ ನೆಲದ ಹತ್ತಿರ ಒಡೆದು, ಅಷ್ಟೂ ನೀರು ಗೋಡೆಯ ಬುಡಕ್ಕೆ ಬೀಳುತ್ತಿತ್ತು. ಆಮೇಲೆ ಟಾರ್ಚ್ ಕೇಳಿದರು. ಬೇಡ ಬೇಡ ಎಂದರೂ ಕೇಳದೆ, ನಮ್ಮ ಮನೆಯವರ ಹಳೆಯ ರೇನ್‌ಕೋಟ್ ಹಾಕಿಕೊಂಡು, ಹಿಂದಿನ ಸಣ್ಣ ಬಾಗಿಲಿನಿಂದ ಮನೆಯ ಅಡಿಗೆ ತೆವಳಿದರು. ಒಳಗಿನಿಂದ ಟಕ್ ಟಕ್ ಎಂದು ಮರ ಬಡಿಯುವ ಸದ್ದು ಕೇಳುತ್ತಿತ್ತು. ಹೊರಬಂದಾಗ ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಒಂದು ಹಿಡಿ ಮಣ್ಣು. ಅದನ್ನು ಬೆರಳ ನಡುವೆ ಹೊಸೆದರು. ಮುರಿಯದೆ ಉದ್ದವಾಗಿ ಎಳೆ ಬಂತು.

"ಮನೆ ಕೆಟ್ಟಿಲ್ಲ ಕಣೇ," ಎಂದರು. "ಮರ ಇನ್ನೂ ಕಬ್ಬಿಣ ಇದ್ದ ಹಾಗಿದೆ. ಕೆಳಗೆ ನೀರು ಕೂತಿದೆ. ಮೊದಲು ಆ ನೀರಿಗೆ ದಾರಿ ಮಾಡಿ. ಕೆಡವೋದು ಬಿಡೋದು ಆಮೇಲೆ ನೋಡಿದರಾಯ್ತು."

ನಮ್ಮ ಮನೆಯವರು ಮಾವನ ಮಾತನ್ನು ತೆಗೆದುಹಾಕುವವರಲ್ಲ, ಹಾಗೆಂದು ಬರೀ ಮಾತಿನ ಮೇಲೆ ಹೋಗುವವರೂ ಅಲ್ಲ. ಲೈಸೆನ್ಸ್ ಇದ್ದ ಬಿಲ್ಡರ್ ಒಬ್ಬರನ್ನು ಕರೆಸಿದರು. ಸಮೋವಾ ಮೂಲದ, ಅರವತ್ತರ ಹತ್ತಿರದ, ಕಡಿಮೆ ಮಾತಿನ ಮನುಷ್ಯ. ಅವರೂ ಕೆಳಗೆ ತೆವಳಿ ಹೊರಬಂದು ಹೇಳಿದ್ದು ಅದನ್ನೇ. ನ್ಯೂ ಲಿನ್‌ನ ಜೇಡಿಮಣ್ಣು ಚಳಿಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಮೇಲಿರುವ ಕಂಬ ಅದರ ಜೊತೆ ಏರುತ್ತದೆ, ಇಳಿಯುತ್ತದೆ. ಒಂದು ಮೂಲೆಗೆ ಮಾತ್ರ ವರ್ಷಗಟ್ಟಲೆ ಮಾಡಿನ ನೀರು ಸುರಿದರೆ ಅಲ್ಲಿನ ಮಣ್ಣು ಮೆತ್ತಗಾಗಿ ಆ ಮೂಲೆ ಕುಸಿಯುತ್ತದೆ. ಚೆಂಡು ಉರುಳಿದ್ದು, ಬಾಗಿಲು ಬಿಗಿಯಾದದ್ದು, ಬೂಸ್ಟು ಬಂದದ್ದು, ಎಲ್ಲದರ ಮೂಲ ಒಂದೇ. ಇಲ್ಲಿನ ಕಟ್ಟಡ ಸಂಶೋಧನಾ ಸಂಸ್ಥೆ ಬ್ರಾಂಜ್ ಹೇಳುವ ಪ್ರಕಾರ, 100 ಚದರ ಮೀಟರ್ ಮನೆಯ ಅಡಿಯ ಬರಿ ನೆಲದಿಂದ ದಿನಕ್ಕೆ ಸುಮಾರು 40 ಲೀಟರ್ ನೀರು ಆವಿಯಾಗಿ ಮೇಲೇಳಬಹುದು. ಆ ತೇವ ಹಲಗೆಯ ಸಂದಿನಿಂದ ಒಳಗೆ ಬಂದು ನಮ್ಮ ಹಾಸಿಗೆ, ಬಟ್ಟೆ, ಮಗುವಿನ ಎದೆ ಸೇರುತ್ತಿತ್ತು.

ಆ ವಾರವೇ ಅಪ್ಪಯ್ಯನನ್ನು ಆಂಬ್ರಿಕೋ ಪ್ಲೇಸಿನ ಟೆ ಟೊಯ್ ಉಕು ಎಂಬ ಮಣ್ಣಿನ ಕೆಲಸದ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಕ್ರೌನ್ ಲಿನ್‌ನ ಚೆಂದದ ಕಪ್ಪುಗಳ ಮುಂದೆ ಅವರು ಹೆಚ್ಚು ನಿಲ್ಲಲಿಲ್ಲ. ಅವರ ಗಮನ ಹೋದದ್ದು ಮಣ್ಣಿನ ಪೈಪುಗಳ ಕಡೆ. ಕ್ರೌನ್ ಲಿನ್ ಕಟ್ಟಿದ ಮನೆತನದ ಹಿರಿಯ ರೈಸ್ ಓವನ್ ಕ್ಲಾರ್ಕ್ ಹೊಬ್ಸನ್‌ವಿಲ್‌ನಲ್ಲಿ ಜಮೀನು ಮಾಡಿದಾಗ ನೆಲ ನೀರು ಹಿಡಿದು ಬೆಳೆ ಬರಲಿಲ್ಲ. ನೀರು ಬಸಿಯಲು 1860ರ ದಶಕದಲ್ಲಿ ತಮ್ಮ ನೆಲದ ಮಣ್ಣಿನಿಂದಲೇ ಪೈಪು ಮಾಡಿ ಸುಟ್ಟರು. ನೆರೆಯವರೂ ಕೇಳಿದರು, ಅದೇ ಉದ್ಯಮವಾಯಿತು. ಇದನ್ನು ಹೇಳಿದಾಗ ಅಪ್ಪಯ್ಯನ ಮುಖ ಅರಳಿತು. ಅಡಿಕೆ ತೋಟ ಮಾಡುವವರಿಗೆ ಬಸಿಗಾಲುವೆ ಗೊತ್ತಿಲ್ಲದೆ ಹೋಗುತ್ತದೆಯೇ? ಎರಡು ಸಾಲು ಮರದ ನಡುವೆ ಕಾಲುವೆ ತೆಗೆದು ನೀರು ಬಸಿಯದಿದ್ದರೆ ಬೇರು ಕೊಳೆತು ತೋಟವೇ ಹೋಗುತ್ತದೆ. "ಇವನೂ ನಮ್ಮ ಹಾಗೇ ರೈತ," ಎಂದರು. "ಇಷ್ಟು ದೊಡ್ಡ ಕಾರ್ಖಾನೆ ಹುಟ್ಟಿದ್ದು ಬಸಿಗಾಲುವೆಯಿಂದ!"

ಆ ಚಳಿಗಾಲದಲ್ಲಿ ನಾವು ಮಾಡಿದ್ದು ಕಣ್ಣಿಗೆ ಕಾಣದ ಕೆಲಸ ಮಾತ್ರ. ಒಡೆದ ಇಳಿಪೈಪು ಬದಲಾಯಿತು, ಮಾಡಿನ ನೀರು ಮಳೆನೀರಿನ ಚರಂಡಿಗೆ ಸೇರಿತು. ಮೇಲುಭಾಗದ ಇಳಿಜಾರಿನಿಂದ ಬರುವ ನೀರನ್ನು ಮನೆಗೆ ಮುಟ್ಟುವ ಮೊದಲೇ ತಡೆದು ತಿರುಗಿಸಲು ಒಂದು ಕಾಲುವೆ ತೋಡಿ, ತೂತಿನ ಪೈಪು ಹಾಕಿ, ಜಲ್ಲಿ ತುಂಬಿದರು. ಅದು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಡ್ರೈನ್ ಕೆಲಸದವರ ಜೊತೆ ಅಪ್ಪಯ್ಯನೂ ನಿಂತು ನೋಡಿದರು. ಕಂಬ ಬದಲಾಯಿಸಲು, ಹೊರಗೋಡೆಗೆ ಇನ್ಸುಲೇಷನ್ ತುಂಬಲು, ಅಡುಗೆಮನೆ ಜಾಗ ಬದಲಿಸಲು ಕೌನ್ಸಿಲಿಗೆ ಅರ್ಜಿ ಹಾಕಿದೆವು. ಮನೆಯ ಅಡಿಪಾಯ, ಚೌಕಟ್ಟಿನಂತಹ ಕೆಲಸಗಳನ್ನು 2012ರಿಂದ ಇಲ್ಲಿ ಲೈಸೆನ್ಸ್ ಇದ್ದವರೇ ಮಾಡಬೇಕು ಅಥವಾ ಅವರ ಮೇಲ್ವಿಚಾರಣೆಯಲ್ಲಿ ಮಾಡಿಸಬೇಕು. ಈ ನಿಯಮಗಳು ತಲೆನೋವೆಂದು ಎಷ್ಟೋ ಜನ ಬೈಯುತ್ತಾರೆ. ನಾನು ಬೈಯಲಾರೆ. ಗೋಡೆ ಮುಚ್ಚುವ ಮೊದಲು ಇನ್ನೊಬ್ಬರ ಕಣ್ಣು ಬಂದು ನೋಡುತ್ತದೆ ಅನ್ನುವುದು ಮನೆಯಲ್ಲಿ ಮಲಗುವವರಿಗೆ ದೊಡ್ಡ ಧೈರ್ಯ.

ಅಡುಗೆಮನೆಯ ಜಾಗ ಬದಲಾದದ್ದು ಅಪ್ಪಯ್ಯನ ಇನ್ನೊಂದು ಕೆಲಸದಿಂದ. ಈ ಮನೆ ಕಟ್ಟಿದವರು ಚೆಂದದ ಕೋಣೆಗಳನ್ನು ರಸ್ತೆಯ ಕಡೆ ಇಟ್ಟು, ಬಚ್ಚಲು ಮತ್ತು ಬಟ್ಟೆ ಒಗೆಯುವ ಕೋಣೆಯನ್ನು ಹಿಂದೆ ಹಾಕಿದ್ದರು. ನಮ್ಮ ರಸ್ತೆ ಇರುವುದು ದಕ್ಷಿಣಕ್ಕೆ. ಭೂಮಿಯ ಈ ಅರ್ಧದಲ್ಲಿ ಸೂರ್ಯ ಉತ್ತರದ ಆಕಾಶದಲ್ಲಿ ಸಾಗುತ್ತಾನೆ. ಹಾಗಾಗಿ ಚಳಿಗಾಲದ ಬಿಸಿಲೆಲ್ಲ ಬಚ್ಚಲಿಗೆ, ನಾವು ಕೂರುವ ಕೋಣೆಗೆ ನೆರಳು. ಅಪ್ಪಯ್ಯ ಮಕ್ಕಳ ಹತ್ತಿರ ಸೀಮೆಸುಣ್ಣ ಇಸಿದುಕೊಂಡು, ಬಿಸಿಲು ಬಂದ ದಿನಗಳಲ್ಲೆಲ್ಲ ನೆಲದ ಮೇಲೆ ಬಿದ್ದ ಬಿಸಿಲಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದರು. ಮಕ್ಕಳಿಗೆ ಅದೊಂದು ಆಟವಾಯಿತು. ತಿಂಗಳು ಕಳೆಯುವಷ್ಟರಲ್ಲಿ ಮನೆಯ ಯಾವ ಮೂಲೆಗೆ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆ ಎಂಬುದು ನೆಲದ ಮೇಲೆ ಬರೆದಿತ್ತು. ವಾಸ್ತುವಿನಂತೆ ಅಡುಗೆಮನೆ ಆಗ್ನೇಯದಲ್ಲೇ ಇರಬೇಕು ಎನ್ನುತ್ತಾರೇನೋ ಎಂದು ನಾನು ಅಳುಕಿದ್ದೆ. ಅವರು ಗೆರೆಗಳನ್ನು ತೋರಿಸಿ, "ಬಿಸಿಲು ಬರೋ ಕಡೆ ಹೆಂಗಸರು ಮಕ್ಕಳು ಇರಬೇಕು. ಉತ್ತರಕ್ಕೇ ಇಡಿ," ಎಂದರು. ಇಲ್ಲಿನ ಆರ್ಕಿಟೆಕ್ಟ್ ಹೇಳಿದ್ದೂ ಅದನ್ನೇ. ಅಡಿಕೆ ಕೊಯ್ಲಿನ ಹೊತ್ತಿಗೆ ಅಪ್ಪಯ್ಯ ಊರಿಗೆ ಹೊರಟರು.

ಕೊಯ್ಲು, ಬೇಯಿಸಿ ಒಣಗಿಸುವುದು ಮುಗಿಸಿ ಅವರು ಮತ್ತೆ ಬಂದದ್ದು 2017ರ ಫೆಬ್ರವರಿಯಲ್ಲಿ. ಮನೆ ಎತ್ತುವ ಕೆಲಸಕ್ಕೆ ಸರಿಯಾಗಿ ಬಂದರು. ಆ ದಿನವನ್ನು ನಾನು ಮರೆಯಲಾರೆ. ತೊಲೆಗಳ ಅಡಿಯಲ್ಲಿ ಅಲ್ಲಲ್ಲಿ ಹೈಡ್ರಾಲಿಕ್ ಜಾಕ್ ಇಟ್ಟು, ಒಂದೊಂದನ್ನೂ ಒಂದಿಷ್ಟು ಮಿಲಿಮೀಟರ್ ಎತ್ತಿ, ನಿಲ್ಲಿಸಿ, ಕಾಯುತ್ತಿದ್ದರು. ಅವಸರ ಮಾಡಿದರೆ ಚೌಕಟ್ಟು ತಿರುಚಿಕೊಂಡು ಗೋಡೆ ಬಿರಿಯುತ್ತದೆ, ಕಿಟಕಿ ಗಾಜು ಒಡೆಯುತ್ತದೆ. ಒಳಗೆ ನಿಂತ ನಮಗೆ ತಲೆಯ ಮೇಲಿಂದ, ಗೋಡೆಯೊಳಗಿಂದ ಮರ ಕಿರುಗುಟ್ಟುವ ಸದ್ದು. ಬಿಲ್ಡರ್ ಹತ್ತಿರ ಲೇಸರ್ ಇತ್ತು. ಗೋಡೆಯ ಮೇಲೆ ಕೆಂಪು ಗೆರೆ ಬೀಳುತ್ತಿತ್ತು. ಅಪ್ಪಯ್ಯ ಹಿಂದಿನ ದಿನವೇ ಅಂಗಡಿಯಿಂದ ಪಾರದರ್ಶಕ ಪೈಪು ತರಿಸಿ, ನೀರು ತುಂಬಿ, ನಮ್ಮೂರಿನ ಗಾರೆ ಕೆಲಸದವರ ಹಾಗೆ ಟ್ಯೂಬ್ ಲೆವೆಲ್ ಮಾಡಿಟ್ಟುಕೊಂಡಿದ್ದರು. ಒಂದು ತುದಿ ಹಿರಿಮಗಳ ಕೈಯಲ್ಲಿ ಅಡುಗೆಮನೆಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ ಕುಸಿದ ಮೂಲೆಯಲ್ಲಿ. ಲೇಸರಿನ ಗೆರೆಗೂ ಪೈಪಿನ ನೀರಿಗೂ ಕೂದಲೆಳೆ ವ್ಯತ್ಯಾಸ ಇರಲಿಲ್ಲ. ಬಿಲ್ಡರ್ ಬಂದು ಬಗ್ಗಿ ನೋಡಿದರು, ಅಪ್ಪಯ್ಯನ ಭುಜ ತಟ್ಟಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅಂದಿನಿಂದ ಕೆಲಸದವರ ಹತ್ತು ಗಂಟೆಯ ಚಹಾಕ್ಕೆ ಅಪ್ಪಯ್ಯನಿಗೂ ಒಂದು ಕುರ್ಚಿ ಇರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸಲ ಜಾಕ್ ಏರಿಸಿದರು. ಮಲಗುವ ಕೋಣೆಯ ಬಾಗಿಲನ್ನು ನಮ್ಮ ಮನೆಯವರು ಒಂದು ಬೆರಳಿನಿಂದ ತಳ್ಳಿದರು. ಅದು ಮೆಲ್ಲಗೆ ಹೋಗಿ ಚೌಕಟ್ಟಿಗೆ ಕೂತು, ಚಿಲಕ ಕಿಟಕ್ ಎಂದಿತು. ತೆಗೆದು ಮತ್ತೆ ಹಾಕಿದರು. ಮತ್ತೆ ಕಿಟಕ್. ಅವರು ನನ್ನ ಮುಖ ನೋಡಿದರು. ಮನೆ ಕೆಡವುವ ಮಾತು ಆಮೇಲೆ ನಮ್ಮಲ್ಲಿ ಬರಲಿಲ್ಲ.

ಹಳೆಯ ಕಂಬಗಳ ಜಾಗದಲ್ಲಿ ಔಷಧಿ ಹಾಯಿಸಿದ ಪೈನ್ ಕಂಬಗಳು ಕಾಂಕ್ರೀಟಿನಲ್ಲಿ ಕೂತವು. ಕೆಳಗಿನ ಮಣ್ಣಿನ ಮೇಲೆ ದಪ್ಪ ಪಾಲಿಥೀನ್ ಹಾಸಿದರು. ಇನ್ನು ಮಾಡು. ಅಪ್ಪಯ್ಯ ಅಟ್ಟ ಹತ್ತಿ ಒಳಗಿನಿಂದ ಹಂಚು ನೋಡಿ, "ಇದು ನಮ್ಮ ಮಂಗಳೂರು ಹಂಚೇ!" ಎಂದು ಕೂಗಿದರು. ಕೂಗಿದ್ದರಲ್ಲಿ ಅರ್ಥವಿತ್ತು. ಒಂದಕ್ಕೊಂದು ಕೊಂಡಿಯಾಗಿ ಕೂರುವ ಈ ಬಗೆಯ ಹಂಚನ್ನು ಫ್ರಾನ್ಸಿನ ಅಲ್ಸೇಸ್ ಪ್ರಾಂತ್ಯದ ಗಿಲಾರ್ಡೊನಿ ಸಹೋದರರು 1841ರಲ್ಲಿ ಪೇಟೆಂಟ್ ಮಾಡಿದರು. ಅಲ್ಲಿಂದ ಒಂದು ಕವಲು ಮಾರ್ಸೇಲ್ ಹಂಚಾಗಿ ಹಡಗೇರಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಬಂತು. ಇನ್ನೊಂದು ಕವಲು, ಅಲ್ಸೇಸಿನ ನೆರೆಯಲ್ಲೇ ಇರುವ ಬಾಸೆಲ್ ಊರಿನ ಮಿಷನ್ನಿನವರ ಮೂಲಕ ಮಂಗಳೂರಿಗೆ ಬಂತು. ನೇತ್ರಾವತಿಯ ಹತ್ತಿರ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನಮ್ಮೂರಿನ ಮಾಡಿನ ಮೇಲಿರುವುದೂ, ನ್ಯೂ ಲಿನ್‌ನ ನಮ್ಮ ತಲೆಯ ಮೇಲಿರುವುದೂ ಒಂದೇ ಮನೆತನದ ಹಂಚು. ಇಲ್ಲಿ ಅವುಗಳನ್ನು ತಂತಿಯಿಂದ ರೀಪಿಗೆ ಕಟ್ಟಿರುತ್ತಾರೆ, ಗಾಳಿ ಜೋರು. ಒಡೆದ ಹಂಚುಗಳಿಗೆ ಜೋಡಿಯಾಗುವವನ್ನು ಹಳೆ ಮನೆ ಸಾಮಾನು ಮಾರುವ ಯಾರ್ಡಿನಿಂದ ಆರಿಸಿ ತಂದೆವು. ಕೂಡುವ ಅಂಚಿನಲ್ಲಿ ಬೆರಳಾಡಿಸಿ, ಒಂದೊಂದನ್ನೂ ಗಿಣ್ಣಿನಿಂದ ಬಡಿದು ಸದ್ದು ಕೇಳಿ ಅಪ್ಪಯ್ಯ ಆರಿಸಿದರು. ಸೀಳು ಬಿಟ್ಟ ಹಂಚಿನ ಸದ್ದು ಮಂಕು, ಗಟ್ಟಿ ಹಂಚಿನದು ಖಣಿ ಖಣಿ.

ಮಾಡಿನ ಮೂಲೆಹಂಚುಗಳಿಗೆ ಗಾರೆ ಹಾಕಿ ಮುಗಿಸಿದ ಮೇಲೆ ಮಾರ್ಚ್ ಬಂತು. ಆ ಮಾರ್ಚಿನ ಮಳೆಯನ್ನು ಆಕ್ಲೆಂಡಿನವರು ಮರೆತಿಲ್ಲ. ಟ್ಯಾಸ್ಮನ್ ಸಮುದ್ರದ ಕಡೆಯಿಂದ ದಿನಗಟ್ಟಲೆ ಮಳೆ. ನ್ಯೂ ಲಿನ್‌ನಲ್ಲಿ ಗ್ರೇಟ್ ನಾರ್ತ್ ರೋಡ್ ನೀರಿನಲ್ಲಿ ಮುಳುಗಿ, ಅಂಗಡಿಯ ಕಟ್ಟಡವೊಂದರ ಅಡಿಯ ಮಣ್ಣೇ ಕೊಚ್ಚಿ ಹೋಯಿತು. ವರ್ಷಕ್ಕೆ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯ ನೆರೆಯಿಂದ ಬಂದ ಅಪ್ಪಯ್ಯನಿಗೆ ಮಳೆ ಹೊಸದಲ್ಲ. ಆದರೂ ಆ ರಾತ್ರಿ ಅವರು ಮಲಗಲಿಲ್ಲ. ನಾನೂ ಮಲಗಲಿಲ್ಲ. ಇಬ್ಬರೂ ಟಾರ್ಚ್ ಹಿಡಿದು ಹಿಂಬಾಗಿಲಿನಲ್ಲಿ ನಿಂತು ನೋಡಿದೆವು. ಇಳಿಜಾರಿನಿಂದ ಬಂದ ನೀರು ಜಲ್ಲಿಯ ಕಾಲುವೆ ತುಂಬಿ, ಮನೆಯ ಪಕ್ಕದಿಂದ ತಿರುಗಿ, ರಸ್ತೆಯ ಚರಂಡಿಯ ಕಡೆ ಹೋಗುತ್ತಿತ್ತು. ಬೆಳಿಗ್ಗೆ ಅಪ್ಪಯ್ಯ ಮತ್ತೆ ಮನೆಯ ಅಡಿಗೆ ಹೋಗಿ ಬಂದರು. ಈ ಸಲ ಬಟ್ಟೆಯ ಮೇಲೆ ಕೆಸರಿರಲಿಲ್ಲ, ಧೂಳಿತ್ತು. ಎಲ್ಲರ ಮನೆಗೂ ಆ ಅದೃಷ್ಟ ಇರಲಿಲ್ಲ. ಕೆಳಗಿನ ಬೀದಿಯ ಮನೆಯೊಂದರಿಂದ ನೆನೆದ ಕಾರ್ಪೆಟ್ಟುಗಳನ್ನು ಹೊರಗೆ ಹೊತ್ತು ಹಾಕಲು ನಮ್ಮ ಮನೆಯವರೂ ಹೋದರು.

ಇದಾದ ಮೇಲೆಯೇ ಒಳಗಿನ ಕೆಲಸಕ್ಕೆ ಕೈ ಹಾಕಿದ್ದು. ಹಜಾರದ ವಾಲ್‌ಪೇಪರನ್ನು ಒಂದು ತುದಿಯಿಂದ ಎಳೆದಾಗ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು: ಹಳದಿ ಗೀರು, ನೀಲಿ ಹೂವು, ಕೊನೆಗೆ ಕಂದು ಎಲೆಗಳು. ಎಲ್ಲದರ ಹಿಂದೆ ಮರದ ಹಲಗೆಗೆ ಸಣ್ಣ ಮೊಳೆ ಹೊಡೆದು ಬಿಗಿದ ಗೋಣಿ ಬಟ್ಟೆ. ಹಳೆಯ ಮನೆಗಳಲ್ಲಿ ವಾಲ್‌ಪೇಪರ್ ಅಂಟಿಸಲು ಹೀಗೆ ಮಾಡುತ್ತಿದ್ದರು. ಅಪ್ಪಯ್ಯ ಒಂದು ತುಂಡನ್ನು ಮೂಗಿಗೆ ಹಿಡಿದು, ನೂಲು ಬಿಡಿಸಿ, ಸೆಣಬು ಎಂದರು. ಆ ಕಾಲದಲ್ಲಿ ಜಗತ್ತಿನ ಸೆಣಬಿನ ಬಹುಪಾಲು ಬೆಳೆಯುತ್ತಿದ್ದದ್ದು ಬಂಗಾಳದಲ್ಲಿ. ನಾವು ಈ ದೇಶಕ್ಕೆ ಬರುವ ಎಷ್ಟೋ ಮೊದಲು ನಮ್ಮ ದೇಶದ ರೈತರು ಬೆಳೆದ ನಾರು ಈ ಗೋಡೆಯೊಳಗೆ ಬಂದು ಕೂತಿತ್ತು. ಆ ತುಂಡನ್ನು ನಾನು ತೆಗೆದಿಟ್ಟುಕೊಂಡಿದ್ದೇನೆ. ಉಳಿದದ್ದನ್ನೆಲ್ಲ ತೆಗೆಸಿದೆವು, ಒಣಗಿದ ಗೋಣಿ ಬೆಂಕಿಗೆ ಬೇಗ ತುತ್ತಾಗುತ್ತದೆ, ಧೂಳು ಹಿಡಿಯುತ್ತದೆ. ಗೋಡೆಯೊಳಗಿನ ರಬ್ಬರ್ ಹೊದಿಕೆಯ ಹಳೆಯ ವೈರುಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಎಲೆಕ್ಟ್ರಿಷಿಯನ್ ಎಲ್ಲವನ್ನೂ ಬದಲಾಯಿಸಿದರು. ಗೋಡೆಗೆ, ಅಟ್ಟಕ್ಕೆ, ನೆಲದ ಅಡಿಗೆ ಇನ್ಸುಲೇಷನ್ ಬಂತು. ಕೌನ್ಸಿಲಿನ ಇನ್ಸ್‌ಪೆಕ್ಟರ್ ನೋಡಿ ಒಪ್ಪಿದ ಮೇಲೆ ಜಿಬ್ ಬೋರ್ಡ್ ಮುಚ್ಚಿತು.

ಹಳೆಯ ಮನೆಗೆ ಕೈ ಹಾಕುವವರು ಎರಡು ವಿಷಗಳ ಬಗ್ಗೆ ಎಚ್ಚರದಿಂದಿರಬೇಕು. ಒಂದು, ಹಳೆಯ ಬಣ್ಣದೊಳಗಿನ ಸೀಸ. ಅದನ್ನು ಒಣಗಿದ್ದಂತೆಯೇ ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿಗೆ ಮಾರಕ. ಮೊದಲು ಪರೀಕ್ಷೆ ಮಾಡಿಸಿ, ನೆಲಕ್ಕೆ ಶೀಟು ಹಾಸಿ, ನೀರು ಹಾಕಿ ಒದ್ದೆಯಾಗಿ ಕೆರೆದು, ಕೆರೆದದ್ದನ್ನು ಒಂದು ಚೂರೂ ಬಿಡದೆ ಚೀಲಕ್ಕೆ ತುಂಬಿದೆವು. ಎರಡನೆಯದು ಕಲ್ನಾರು. ಆಮೇಲೆ ಯಾವಾಗಲೋ ಸೇರಿಸಿದ ಬಚ್ಚಲಿನ ಗೋಡೆ ಫೈಬ್ರೊಲೈಟ್ ಶೀಟಿನದು, ಅದರಲ್ಲಿ ಕಲ್ನಾರಿತ್ತು. 10 ಚದರ ಮೀಟರಿಗಿಂತ ಹೆಚ್ಚಿದ್ದರೆ ಲೈಸೆನ್ಸ್ ಇದ್ದವರೇ ತೆಗೆಯಬೇಕು. ಅವರು ಮುಖವಾಡ ಹಾಕಿ ಆ ಕೆಲಸ ಮಾಡುವಾಗ ನಾವು ಗೆಳೆಯರ ಮನೆಯಲ್ಲಿದ್ದೆವು. ನಮ್ಮೂರಿನಲ್ಲಿ ಕೊಟ್ಟಿಗೆಗೆ, ಬಚ್ಚಲಿಗೆ ಹಾಕುವ ಸಿಮೆಂಟ್ ಶೀಟಿನಲ್ಲೂ ಇದೇ ನಾರು ಇರುತ್ತದೆ ಎಂದು ತಿಳಿದಾಗ ಅಪ್ಪಯ್ಯ ಆ ರಾತ್ರಿಯೇ ಅಣ್ಣನಿಗೆ ಫೋನ್ ಮಾಡಿ, ಹಳೆಯ ಶೀಟು ಒಡೆಯಬೇಡ, ಕೊರೆಯಬೇಡ ಎಂದು ಹೇಳಿದರು.

ಕೊನೆಗೆ ನೆಲ. ಲಿನೋಲಿಯಮ್ ಎತ್ತಿದಾಗ ಅಡಿಯಲ್ಲಿ ಹಳೆಯ ಆಕ್ಲೆಂಡ್ ಸ್ಟಾರ್ ಪತ್ರಿಕೆಯ ಹಾಳೆಗಳು, ಅದರಡಿ ಕಪ್ಪಾದ ಹಲಗೆ. ಉಜ್ಜುವ ಯಂತ್ರ ಒಂದು ಸಲ ಹಾದು ಹೋದ ಕಡೆ ಜೇನಿನ ಬಣ್ಣದ ಮರ ಕಂಡಿತು: ಮಟಾಯಿ. ಚೌಕಟ್ಟು ರೀಮು. ಇವು ಈ ದೇಶದ ಕಾಡಿನ ಮರಗಳು, ನೂರಾರು ವರ್ಷ ಬೆಳೆದವು. ಸರ್ಕಾರಿ ಕಾಡುಗಳಲ್ಲಿ ಇಂತಹ ಮರ ಕಡಿಯುವುದು 2002ರಲ್ಲಿ ನಿಂತಿದೆ, ಅದು ನ್ಯಾಯವೂ ಹೌದು. ಹಾಗಿರುವಾಗ ಒಮ್ಮೆ ಕಡಿದಾದ ಮರವನ್ನು ಚೆನ್ನಾಗಿ ಇಟ್ಟುಕೊಳ್ಳುವುದು ನಮ್ಮ ಮೇಲಿರುವ ಋಣ. ಅಡುಗೆಮನೆಯ ಹಳೆಯ ಚಿಮಣಿ ಇಳಿಸಿದಾಗ ಬಂದ ಇಟ್ಟಿಗೆಗಳಿಂದ ಹಿತ್ತಿಲಿನಲ್ಲಿ ಅಪ್ಪಯ್ಯ ತುಳಸಿಕಟ್ಟೆ ಕಟ್ಟಿದರು. ಚಳಿಗಾಲದಲ್ಲಿ ತುಳಸಿಯನ್ನು ಕುಂಡದಲ್ಲಿ ಒಳಗೆ ಇಟ್ಟುಕೊಳ್ಳುತ್ತೇವೆ.

ಎಷ್ಟೋ ಮನೆಗಳು ಮುಗಿಯದೆ ಉಳಿಯುವುದು ಇಲ್ಲಿಗೆ ಬಂದಾಗ. ದೊಡ್ಡ ಕೆಲಸವೆಲ್ಲ ಆಯಿತು, ಇನ್ನೇನು ಎಂದು ಕೈ ಸಡಿಲವಾಗುತ್ತದೆ. ಸ್ಕರ್ಟಿಂಗಿನ ಮೂಲೆ, ಸ್ವಿಚ್ಚಿನ ಮುಚ್ಚಳ, ಬಾಗಿಲ ಹಿಡಿ, ಕಿಟಕಿಯ ಕೊನೆಯ ಕೋಟು ಬಣ್ಣ ಹಾಗೇ ಉಳಿಯುತ್ತವೆ. ಕೌನ್ಸಿಲಿನ ಕೊನೆಯ ತಪಾಸಣೆಗೆ ಬರೆಯುವುದಿಲ್ಲ. ವರ್ಷಗಳ ಮೇಲೆ ಮನೆ ಮಾರುವಾಗ ಕಾಗದ ಇಲ್ಲವೆಂದು ಪೇಚಾಟ. ಅಪ್ಪಯ್ಯ ಅದಕ್ಕೆ ಬಿಡಲಿಲ್ಲ. ಉಳಿದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಸಿ, ಫ್ರಿಜ್ಜಿಗೆ ಅಂಟಿಸಿ, ದಿನಾ ಸಂಜೆ ಅಳಿಯನ ಜೊತೆ ಕೂತು ಆದದ್ದಕ್ಕೆ ಅಡ್ಡಗೆರೆ ಎಳೆಯುತ್ತಿದ್ದರು. ಕೌನ್ಸಿಲಿನ ಕೋಡ್ ಕಂಪ್ಲಯನ್ಸ್ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ, ಶ್ರಾವಣದಲ್ಲಿ ಗೃಹಪ್ರವೇಶ. ಇಷ್ಟು ವರ್ಷ ಇದ್ದ ಮನೆಗೆ ಗೃಹಪ್ರವೇಶವೇ ಎಂದು ಕೇಳಿದವರಿಗೆ ಅಪ್ಪಯ್ಯ, "ಇವತ್ತಿಗೆ ಮನೆ ಆಯ್ತಲ್ಲ," ಎಂದರು. ಹೋಮ ಹೊರಗಿನ ಡೆಕ್ಕಿನ ಮೇಲೆ, ಹಾಲು ಉಕ್ಕಿದ್ದು ಉತ್ತರದ ಬಿಸಿಲು ಬೀಳುವ ಅಡುಗೆಮನೆಯಲ್ಲಿ. ಕನ್ನಡ ಕೂಟದ ಗೆಳೆಯರು ಬಂದರು, ಬಿಲ್ಡರ್ ಹೆಂಡತಿ ಮಕ್ಕಳೊಂದಿಗೆ ಬಂದು ಎಲೆಯ ಮುಂದೆ ಕೂತು ಊಟ ಮಾಡಿದರು. ಆ ಚಳಿಗಾಲ ಚಿಕ್ಕವನ ಕೆಮ್ಮು ಬಹಳ ಕಡಿಮೆಯಾಗಿತ್ತು. ಮುಂದಿನ ಚಳಿಗಾಲದಲ್ಲಿ ಇರಲೇ ಇಲ್ಲ.

ಖರ್ಚು ಕಡಿಮೆಯಾಯಿತೇ ಎಂದು ಕೇಳಿದರೆ, ಇಲ್ಲ. ದುಡ್ಡೂ ಹೋಯಿತು, ಶನಿವಾರ ಭಾನುವಾರಗಳೂ ಹೋದವು. ಎಲ್ಲ ಹಳೆಯ ಮನೆಗಳನ್ನೂ ಉಳಿಸಿ ಎಂದು ನಾನು ಹೇಳುವುದೂ ಇಲ್ಲ. ಚೌಕಟ್ಟೇ ಕೊಳೆತಿದ್ದರೆ, ನೆರೆ ನುಗ್ಗುವ ತಗ್ಗಿನಲ್ಲಿದ್ದರೆ ಬಿಡುವುದೇ ಸರಿ. ಊರಿಗೆ ಹೆಚ್ಚು ಮನೆಗಳು ಬೇಕು ಎಂಬುದೂ ನಿಜ. ನನ್ನ ಕೋರಿಕೆ ಇಷ್ಟೇ. ನಿಮ್ಮ ಹಳೆಯ ಮನೆ ಆಕ್ಲೆಂಡಿನಲ್ಲಿರಲಿ, ಸಾಗರದಲ್ಲಿರಲಿ, ಧಾರವಾಡದಲ್ಲಿರಲಿ, ಕೆಡವುವ ಮಾತಾಡುವ ಮೊದಲು ಜೋರು ಮಳೆ ಬರುವಾಗ ಕೊಡೆ ಹಿಡಿದು ಅದರ ಸುತ್ತ ಒಮ್ಮೆ ನಡೆಯಿರಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಮೊದಲು ಅದಕ್ಕೆ ದಾರಿ ಮಾಡಿ, ಆಮೇಲೆ ಅಡಿಪಾಯ, ಆಮೇಲೆ ಮಾಡು, ಗೋಡೆ. ಬಣ್ಣ ಎಲ್ಲಕ್ಕಿಂತ ಕೊನೆಗೆ. ಮತ್ತು ಕೈ ಹಾಕಿದ ಮೇಲೆ ಕೊನೆಯ ಮೊಳೆಯವರೆಗೂ ಮುಗಿಸಿ.